ಅಪ್‌ಡೇಟ್: ಕಿಟಕಿ ಮೂಲೆಯ ಓರೆ ಬಿರುಕು

ಕಲಬುರಗಿಯ ಮನೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಎದ್ದ ಬಿರುಕು ಬರೀ ಗಿಲಾವಿನದ್ದೋ, ಬುನಾದಿಯದ್ದೋ ಎಂದು ಕೇಳಿದ್ದೆ. ಬುನಾದಿಯದ್ದೇ. ಗಿಲಾವು ಕೆತ್ತಿದರೆ ಒಳಗಿನ ಇಟ್ಟಿಗೆಯೂ ಸೀಳಿತ್ತು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿ ಸಿಮೆಂಟಿನಲ್ಲಿ ಕೂರಿಸಿ, ದಿನಾಂಕ ಬರೆದಿದ್ದಾಯಿತು. ಬೇಸಿಗೆಯಲ್ಲಿ ಗಾಜು ಒಡೆಯಿತು, ಅಂದರೆ ಬಿರುಕು ಇನ್ನೂ ಸರಿಯುತ್ತಿದೆ. ಬುನಾದಿ ಕೆಳಗಿನ ಎರೆಮಣ್ಣು ಒಣಗಿದರೆ ಕುಗ್ಗುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಮಾಳಿಗೆ ನೀರಿನ ಪೈಪು ಸುರಿಯುತ್ತಿದ್ದದ್ದೂ ಅದೇ ಮೂಲೆಗೆ! ಈಗ ಪೈಪು ಗಟಾರಕ್ಕೆ ತಿರುಗಿದೆ. ಗೋಡೆಗುಂಟ 1 ಮೀಟರ್ ಅಗಲ ಶಹಾಬಾದ್ ಕಲ್ಲು, ಮೀಟರಿಗೆ 20 ಮಿ.ಮೀ. ಹೊರಗಿಳಿಜಾರು, ಸಂದುಗಳಿಗೆ ಸಿಮೆಂಟು. ಪುಟ್ಟಿ ಸದ್ಯಕ್ಕೆ ಬೇಡ, ಹಚ್ಚಿದರೆ ದುಡ್ಡು ದಂಡ. ಹೊಸ ಗಾಜು ಒಂದು ಮಳೆಗಾಲ, ಒಂದು ಬೇಸಿಗೆ ದಾಟಲಿ. ಅಷ್ಟರಲ್ಲಿ ಒಡೆದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸುವುದು.