ವೈದ್ಯೆಯೇ ಬೇಕು ಎಂದು ಕೇಳಿದ್ದು ತಪ್ಪೇ?

ಕಾಮನಬಿಲ್ಲು:
ನನಗೆ 43. ಮೂರು ತಿಂಗಳಿಂದ ಮುಟ್ಟಿನ ಸ್ರಾವ ವಿಪರೀತವಾಗಿದೆ, ಒಳಪರೀಕ್ಷೆ ಆಗಬೇಕು ಎಂದರು. ಸಮಯ ಗೊತ್ತುಮಾಡುವಾಗ, ಮಹಿಳಾ ವೈದ್ಯರಿದ್ದರೆ ಅವರ ಹೆಸರಿಗೇ ಬರೆದುಕೊಳ್ಳಿ ಎಂದು ಕೇಳಿದೆ. ಮೇಜಿನ ಆಚೆ ಕುಳಿತವರು ತಲೆಯನ್ನೂ ಎತ್ತದೆ, ‘ವೈದ್ಯರಿಗೆ ಲಿಂಗ ಇರುವುದಿಲ್ಲ ಮೇಡಂ’ ಎಂದರು. ಹಿಂದೆ ನಿಂತಿದ್ದ ಇಬ್ಬರು ನಕ್ಕರು. ನಾನು ಯಾರನ್ನೂ ಅನುಮಾನಿಸಿ ಕೇಳಿದ್ದಲ್ಲ. ಎಂಟು ವರ್ಷದ ಹಿಂದೆ ನನ್ನ ಹೆರಿಗೆ ಮಾಡಿಸಿದವರು ಗಂಡಸೇ, ಅವರ ಮೇಲೆ ಇಂದಿಗೂ ಗೌರವವಿದೆ. ಆಗ ಎದುರಿಗೆ ಯಾರಿದ್ದಾರೆ ಎಂದು ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಈಗ ಇದ್ದೇನೆ, ಅಷ್ಟೇ ವ್ಯತ್ಯಾಸ. ಕೇಳಿದ್ದು ತಪ್ಪೇ? ಸಿಗದಿದ್ದರೆ ಪರೀಕ್ಷೆಯನ್ನು ಒಂದೆರಡು ತಿಂಗಳು ಮುಂದೂಡಬಹುದೇ?

ನೇರನುಡಿ:
ತಪ್ಪು. ಹೇಳಿದ ರೀತಿ ಒರಟಾಗಿರಬಹುದು, ಹೇಳಿದ್ದು ಸುಳ್ಳಲ್ಲ. ‘ವೈದ್ಯೋ ನಾರಾಯಣೋ ಹರಿಃ’ ಎಂದು ಹಿರಿಯರು ಸುಮ್ಮನೆ ಹೇಳಿದರೇ? ದಿನಕ್ಕೆ ಮೂವತ್ತು ದೇಹ ನೋಡುವವರಿಗೆ ನಿಮ್ಮದು ಮೂವತ್ತೊಂದನೆಯದು. ಮುಜುಗರ ಇರುವುದು ನಿಮ್ಮ ತಲೆಯಲ್ಲಿ, ಅವರ ಕಣ್ಣಿನಲ್ಲಲ್ಲ.

ತುಂಬೆಹೂ:
ಕೆಲಸ ಆಗಬೇಕಿದ್ದಾಗ ಆ ನಾರಾಯಣನೇ ಮೋಹಿನಿಯಾಗಿ ಬಂದಿದ್ದಾನೆ, ಸ್ವಾಮಿ. ನಿಮ್ಮ ಆಸ್ಪತ್ರೆಗೆ ಅಷ್ಟೂ ಆಗುವುದಿಲ್ಲವೇ?

ನೇರನುಡಿ:
‘ಕೆಲಸ ಆಗಬೇಕಿದ್ದಾಗ’ ಎಂದಿರಿ. ಕೆಲಸ ಆಗುವುದು ಪರಿಣತಿಯಿಂದ. ಲಿಂಗದಿಂದ ಯಾವ ರೋಗಿಯೂ ಗುಣವಾಗಿಲ್ಲ.

ಅಂಕಿಅಂಶ:
‘ಯಾವ ರೋಗಿಯೂ’ ಎಂಬ ಪದ ಬಳಸುವ ಮೊದಲು ಸ್ವಲ್ಪ ಓದಿ. 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನವಿದೆ. 65 ದಾಟಿದವರು, 15 ಲಕ್ಷಕ್ಕೂ ಹೆಚ್ಚು ಆಸ್ಪತ್ರೆ ದಾಖಲಾತಿಗಳು. ಮೂವತ್ತು ದಿನಗಳೊಳಗೆ ಸತ್ತವರ ಪ್ರಮಾಣ ವೈದ್ಯೆಯರು ನೋಡಿಕೊಂಡ ರೋಗಿಗಳಲ್ಲಿ ಶೇ 11.07, ವೈದ್ಯರು ನೋಡಿಕೊಂಡವರಲ್ಲಿ ಶೇ 11.49.

ನೇರನುಡಿ:
ಶೇ 0.42! ಇದಕ್ಕೆ ಇಷ್ಟು ಸದ್ದೇ? ಅದೂ ನ್ಯುಮೋನಿಯಾ, ಹೃದಯದ ತೊಂದರೆ ಎಂದು ದಾಖಲಾದ ಮುದುಕರ ಲೆಕ್ಕ. ಇಲ್ಲಿ ಮಾತು ಒಳಪರೀಕ್ಷೆಯದು. ಎಲ್ಲಿಯ ಮಾಮರ, ಎಲ್ಲಿಯ ಕೋಗಿಲೆ.

ಅಂಕಿಅಂಶ:
0.42 ಎಂದರೆ ಸುಮಾರು 238 ರೋಗಿಗಳಿಗೆ ಒಂದು ಜೀವ. ಆ ಒಂದು ಜೀವ ನಿಮ್ಮ ತಾಯಿಯದಾದರೆ ಸದ್ದು ಮಾಡುವಿರಾ? ಮುದುಕರು ಬೇಡವೆಂದರೆ ಕೆನಡಾಕ್ಕೆ ಬನ್ನಿ. ಒಂಟಾರಿಯೊ ಪ್ರಾಂತ್ಯ, 2007ರಿಂದ 2019, ಶಸ್ತ್ರಚಿಕಿತ್ಸೆಗೆ ಒಳಗಾದ 13 ಲಕ್ಷ ಮಂದಿ, 2,937 ಶಸ್ತ್ರವೈದ್ಯರು. ಪುರುಷ ಶಸ್ತ್ರವೈದ್ಯರ ಕೈಯಲ್ಲಿ ಮಹಿಳೆಯರಿಗೆ ತೊಡಕು ಹೆಚ್ಚು. ಗಂಡು ರೋಗಿಗಳಿಗೆ ವೈದ್ಯರು ಯಾರಾದರೂ ದೊಡ್ಡ ವ್ಯತ್ಯಾಸವಿಲ್ಲ.

ರಾತ್ರಿಪಾಳಿ:
ನಾನು ಪ್ರಸೂತಿ ವಿಭಾಗದಲ್ಲಿ ಸ್ನಾತಕೋತ್ತರ ಎರಡನೆಯ ವರ್ಷದಲ್ಲಿರುವ ಗಂಡಸು. ಈ ಅಧ್ಯಯನಗಳು ಸಂಬಂಧವನ್ನು ತೋರಿಸುತ್ತವೆ, ಕಾರಣವನ್ನಲ್ಲ. ಫ್ಲಾರಿಡಾದ ಹೃದಯಾಘಾತದ ದಾಖಲೆಗಳ ಮೇಲೆ 2018ರಲ್ಲಿ ಬಂದ ಅಧ್ಯಯನವನ್ನು ಅಂಕಿಅಂಶ ಅವರು ಜಾಣತನದಿಂದ ಬಿಟ್ಟಿದ್ದಾರೆ. ಅಲ್ಲಿಯೂ ಪುರುಷ ವೈದ್ಯರ ಬಳಿ ಮಹಿಳೆಯರು ಬದುಕುಳಿದದ್ದು ಕಡಿಮೆ, ನಿಜ. ಆದರೆ ಹೆಚ್ಚು ಮಹಿಳಾ ರೋಗಿಗಳನ್ನು ನೋಡಿದ, ಮಹಿಳಾ ಸಹೋದ್ಯೋಗಿಗಳ ನಡುವೆ ಕೆಲಸ ಮಾಡಿದ ವೈದ್ಯರಲ್ಲಿ ಆ ಅಂತರ ಕುಗ್ಗಿತ್ತು. ಅಂದರೆ ಇದು ಅಭ್ಯಾಸದಿಂದ ಬರುವ ವಿದ್ಯೆ. ಕಳೆದ ವಾರ ನಾಲ್ಕು ಸಲ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದರು. ಹೋದೆ, ಜಗಳವಾಡಲಿಲ್ಲ. ಆದರೆ ಎಲ್ಲರೂ ಹೊರಗೆ ಕಳಿಸಿದರೆ ನಾನು ಕಲಿಯುವುದು ಎಲ್ಲಿ?

ತುಂಬೆಹೂ:
‘ನಾನು ಕಲಿಯುವುದು ಎಲ್ಲಿ?’ ನನ್ನ ದೇಹ ನಿಮ್ಮ ಪಠ್ಯಪುಸ್ತಕವಲ್ಲ. 1840ರ ದಶಕದಲ್ಲಿ ಅಮೆರಿಕದ ಮೇರಿಯನ್ ಸಿಮ್ಸ್ ಕೂಡ ಕಲಿತ, ಗುಲಾಮ ಹೆಂಗಸರ ಮೇಲೆ, ಅರಿವಳಿಕೆಯನ್ನೂ ಕೊಡದೆ ಮತ್ತೆ ಮತ್ತೆ ಕತ್ತರಿ ಹಾಕಿ. ಸ್ತ್ರೀರೋಗಶಾಸ್ತ್ರದ ಪಿತಾಮಹ ಎಂದು ನಿಲ್ಲಿಸಿದ್ದ ಅವನ ಪ್ರತಿಮೆಯನ್ನು ನ್ಯೂಯಾರ್ಕಿನ ಉದ್ಯಾನದಿಂದ ತೆಗೆಯುವ ಹೊತ್ತಿಗೆ 2018 ಆಗಿತ್ತು.

ರಾತ್ರಿಪಾಳಿ:
ಹೊರಗೆ ಹೋಗಿ ಎಂದಾಗ ಹೋದವನನ್ನು ಸಿಮ್ಸ್ ಜೊತೆ ಹೋಲಿಸಿದ್ದಕ್ಕೆ ಕೃತಜ್ಞ. ಹದಿನಾಲ್ಕು ಗಂಟೆಯ ಪಾಳಿ ಮುಗಿಸಿ ಬಂದು ಇದನ್ನು ಓದಬೇಕಿತ್ತು.

ಚರಿತ್ರೆಪ್ರಿಯ:
ಚರಿತ್ರೆಯ ಮಾತು ಬಂದದ್ದರಿಂದ ಒಂದು ವಿಷಯ. ಮುಜುಗರವನ್ನು ನೇರನುಡಿಯವರು ತಲೆಯೊಳಗಿನ ರೋಗದಂತೆ ನೋಡುತ್ತಿದ್ದಾರೆ. ವೈದ್ಯರ ಕೊರಳಲ್ಲಿ ನೇತಾಡುವ ಸ್ಟೆತಸ್ಕೋಪ್ ಹುಟ್ಟಿದ್ದೇ ಮುಜುಗರದಿಂದ. 1816ರಲ್ಲಿ ಫ್ರಾನ್ಸಿನ ರೆನೆ ಲೆನೆಕ್ ಎದುರಿಗೆ ಹೃದಯದ ತೊಂದರೆಯಿದ್ದ ತರುಣಿಯೊಬ್ಬಳು ಬಂದಳು. ಆಗೆಲ್ಲ ಎದೆಗೆ ನೇರವಾಗಿ ಕಿವಿ ಹಚ್ಚಿ ಕೇಳಬೇಕಿತ್ತು. ಹಾಗೆ ಮಾಡಲು ಸಂಕೋಚವಾಗಿ, ಕಾಗದದ ಕಟ್ಟನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿ ಅವಳ ಎದೆಗೆ, ಇನ್ನೊಂದು ತನ್ನ ಕಿವಿಗೆ ಇಟ್ಟುಕೊಂಡ. ಬರೀ ಕಿವಿಗಿಂತ ಸ್ಪಷ್ಟವಾಗಿ ಕೇಳಿಸಿತು. ಮುಜುಗರವನ್ನು ಗೌರವಿಸಿದ್ದರಿಂದ ವೈದ್ಯಶಾಸ್ತ್ರವೇ ಮುಂದೆ ಹೋಯಿತು.

ನೇರನುಡಿ:
ಶಾಲೆಯ ಮಕ್ಕಳಿಗೆ ಹೇಳುವ ಕಥೆ. ಲೆನೆಕ್ ತಾನೇ 1819ರ ಗ್ರಂಥದಲ್ಲಿ ಬರೆದುಕೊಂಡಿದ್ದಾನೆ: ಆಕೆ ಬಹಳ ದಪ್ಪಗಿದ್ದಳು. ದಪ್ಪಗಿದ್ದುದರಿಂದ ಎದೆಯನ್ನು ತಟ್ಟಿ ನೋಡಿದರೂ, ಕೈಯಿಟ್ಟು ನೋಡಿದರೂ ಏನೂ ತಿಳಿಯುತ್ತಿರಲಿಲ್ಲ. ಅದಕ್ಕೇ ಕೊಳವೆ. ಸಮಸ್ಯೆ ಕೊಬ್ಬಿನದು, ನಾಚಿಕೆಯದಲ್ಲ.

ಹಳೆಯ ದಾದಿ:
ಕಾಮನಬಿಲ್ಲು ಅವರೇ, ಮೂವತ್ತು ವರ್ಷಕ್ಕೂ ಮೇಲೆ ಈ ಕೋಣೆಗಳಲ್ಲಿ ನಿಂತವಳು ಹೇಳುತ್ತಿದ್ದೇನೆ. ಕೇಳಿದ್ದು ತಪ್ಪಲ್ಲ. ಆದರೆ ಮುಂದೂಡಬೇಡಿ. ನಲವತ್ತು ದಾಟಿದ ಮೇಲೆ ಸ್ರಾವದ ರೀತಿ ಬದಲಾದರೆ ಕಾರಣ ತಿಳಿಯಲೇಬೇಕು. ರಕ್ತಪರೀಕ್ಷೆ, ಹಿಮೋಗ್ಲೋಬಿನ್ ಇವತ್ತೇ ಮಾಡಿಸಬಹುದು, ಅದಕ್ಕೆ ಯಾರ ಎದುರೂ ಬಟ್ಟೆ ಬಿಚ್ಚಬೇಕಾಗಿಲ್ಲ. ಮಹಿಳಾ ವೈದ್ಯರು ಯಾವ ದಿನ ಇರುತ್ತಾರೆ ಎಂದು ಫೋನಿನಲ್ಲಿ ಮೊದಲೇ ಕೇಳಿ, ಮಂಚದ ಮೇಲೆ ಮಲಗಿದ ಮೇಲೆ ಕೇಳಬೇಡಿ. ಅವರು ಸಿಗದಿದ್ದರೆ ಜೊತೆಗೆ ನಿಲ್ಲಲು ಒಬ್ಬ ದಾದಿಯನ್ನು ಕೇಳಿ. ಬ್ರಿಟನ್ನಿನ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ ಹೇಳುವಂತೆ, ವೈದ್ಯರೂ ರೋಗಿಯೂ ಒಂದೇ ಲಿಂಗದವರಾಗಿದ್ದರೂ ಹಾಗೆ ಒಬ್ಬರನ್ನು ಒದಗಿಸುತ್ತೇವೆ ಎಂದು ವೈದ್ಯರೇ ಮುಂದಾಗಿ ಹೇಳಬೇಕು. ನಡುವೆ ‘ನಿಲ್ಲಿಸಿ’ ಎಂದರೆ ಅವರು ನಿಲ್ಲಿಸಲೇಬೇಕು. ಒಳಗೆ ನೋಡಲು ಯೋನಿಯನ್ನು ಅಗಲಿಸುವ ಉಪಕರಣವಾದ ಸ್ಪೆಕ್ಯುಲಮ್ ಅನ್ನು ನಾನೇ ಒಳಗೆ ಸೇರಿಸಿಕೊಳ್ಳುತ್ತೇನೆ ಎನ್ನಲೂಬಹುದು, ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಇನ್ನೊಂದು ಮಾತು: ನಾನು ಕಂಡ ಅತ್ಯಂತ ಒರಟು ಕೈ ಒಬ್ಬ ವೈದ್ಯೆಯದು.

ನೇರನುಡಿ:
‘ಅತ್ಯಂತ ಒರಟು ಕೈ ಒಬ್ಬ ವೈದ್ಯೆಯದು.’ ದಾದಿಯವರೇ ಒಪ್ಪಿದ ಮೇಲೆ ಇನ್ನೇನು ಉಳಿಯಿತು?

ಹಳೆಯ ದಾದಿ:
ಅದರ ಮೇಲಿನ ಹತ್ತು ಸಾಲು ಉಳಿಯಿತು.

ತುಂಬೆಹೂ:
ಜೊತೆಗೆ ಒಬ್ಬರು ನಿಂತರೆ ಸಾಕೇ? ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಹುಡುಗಿಯರನ್ನು ಪೀಡಿಸಿದ್ದು ಕೆಲವೊಮ್ಮೆ ತಂದೆತಾಯಿ ಅದೇ ಕೋಣೆಯಲ್ಲಿದ್ದಾಗ. 2018ರಲ್ಲಿ ಅವನಿಗೆ 175 ವರ್ಷದವರೆಗಿನ ಶಿಕ್ಷೆಯಾಯಿತು.

ಹಳೆಯ ದಾದಿ:
ಅದಕ್ಕೇ ದಾದಿ ಎಂದೆ, ತಂದೆತಾಯಿ ಎನ್ನಲಿಲ್ಲ. ಪರೀಕ್ಷೆ ಹೇಗೆ ನಡೆಯಬೇಕು ಎಂದು ಗೊತ್ತಿರುವವರು ನಿಲ್ಲಬೇಕು, ಕಣ್ಣಿಗೆ ಕಾಣುವ ಕಡೆ ನಿಲ್ಲಬೇಕು.

ಚರಿತ್ರೆಪ್ರಿಯ:
ನೇರನುಡಿಯವರು ವಾಕ್ಯದ ಅರ್ಧವನ್ನು ನುಂಗಿದ್ದಾರೆ. ದಪ್ಪಗಿದ್ದುದರಿಂದ ಉಪಯೋಗಕ್ಕೆ ಬಾರದೆ ಹೋದದ್ದು ತಟ್ಟುವುದು ಮತ್ತು ಕೈಯಿಟ್ಟು ನೋಡುವುದು. ಕಿವಿ ಹಚ್ಚುವುದು ಸಾಧ್ಯವಾಗದೆ ಹೋದದ್ದು ಅವಳ ವಯಸ್ಸು ಮತ್ತು ಲಿಂಗದ ಕಾರಣದಿಂದ. ಲೆನೆಕ್ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಿದ್ದಾನೆ.

ನೇರನುಡಿ:
‘ಎರಡನ್ನೂ’ ಎಂದಿರಿ, ಧನ್ಯವಾದ. ಮೊದಲು ‘ಹುಟ್ಟಿದ್ದೇ ಮುಜುಗರದಿಂದ’ ಎಂದಿದ್ದಿರಿ. ಆಕೆ ತೆಳ್ಳಗಿದ್ದರೆ ತಟ್ಟಿ ನೋಡಿ ಕೆಲಸ ಮುಗಿಸುತ್ತಿದ್ದ, ಕೊಳವೆಯೇ ಹುಟ್ಟುತ್ತಿರಲಿಲ್ಲ.

ಚರಿತ್ರೆಪ್ರಿಯ:
ಆಕೆ ಗಂಡಸಾಗಿದ್ದರೆ ಕಿವಿ ಹಚ್ಚಿ ಕೆಲಸ ಮುಗಿಸುತ್ತಿದ್ದ, ಆಗಲೂ ಕೊಳವೆ ಹುಟ್ಟುತ್ತಿರಲಿಲ್ಲ!

ಅಂಕಿಅಂಶ:
ತರ್ಕದ ಪ್ರಕಾರ ಎರಡೂ ಅಗತ್ಯ ಷರತ್ತುಗಳು. ಇಬ್ಬರೂ ಸರಿ.

ನೇರನುಡಿ:
ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ.

ಚರಿತ್ರೆಪ್ರಿಯ:
ಇದೊಂದು ವಿಷಯದಲ್ಲಿ ನೇರನುಡಿಯವರ ಮಾತಿಗೆ ನನ್ನದೂ ದನಿ ಇದೆ. ಇಬ್ಬರೂ ಸರಿಯಲ್ಲ.

ಮೌನಿ:
ಬೇರೆ ಮಾತು, ಕ್ಷಮಿಸಿ. ಗಂಡಸರನ್ನು ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹಿಂದಿನ ವರ್ಷ ಶಸ್ತ್ರಚಿಕಿತ್ಸೆಗೆ ಮೊದಲು ನನಗೆ ಮೂತ್ರನಾಳದ ಕೊಳವೆ ಹಾಕಿದರು. ಒಬ್ಬ ದಾದಿ, ನೋಡಿ ಕಲಿಯಲು ಬಂದಿದ್ದ ಮೂವರು ಹುಡುಗಿಯರು. ಪರದೆ ಅರ್ಧ ತೆರೆದಿತ್ತು. ಬೇಡ ಎನ್ನಲು ಬಾಯಿ ಬರಲಿಲ್ಲ. ಎರಡು ದಿನ ಯಾರ ಮುಖವನ್ನೂ ನೋಡಲಾಗಲಿಲ್ಲ. ಮೂತ್ರರೋಗ ತಜ್ಞರಲ್ಲಿ ಹೆಚ್ಚಿನವರು ಗಂಡಸರೇ, ಆದ್ದರಿಂದ ನಮಗೆ ತೊಂದರೆಯಿಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಮೈ ಮುಟ್ಟುವವರು ತಜ್ಞರೊಬ್ಬರೇ ಅಲ್ಲವಲ್ಲ.

ನೇರನುಡಿ:
ಮೂವರು ಮಕ್ಕಳು ಕಲಿಯಲು ಬಂದರೆ ಗಂಡಸಾದವನಿಗೆ ಇಷ್ಟೇಕೆ?

ತುಂಬೆಹೂ:
‘ಗಂಡಸಾದವನಿಗೆ’! ಈಗ ಲಿಂಗ ಎಲ್ಲಿಂದ ಬಂತು ಸ್ವಾಮಿ? ಮೌನಿಯವರೇ, ನಿಮಗಾದದ್ದು ಅನ್ಯಾಯ. ಪರದೆ ಎಳೆಯುವುದಕ್ಕೆ ಯಾವ ಪದವಿಯೂ ಬೇಕಾಗಿಲ್ಲ. ನೇರನುಡಿಯವರಿಗೆ ಒಂದೇ ಪ್ರಶ್ನೆ. ನಿಮ್ಮ ಪ್ರಾಸ್ಟೇಟ್ ಪರೀಕ್ಷೆ ಮಾಡಿದವರು ಯಾರು?

ನೇರನುಡಿ:
ವೈಯಕ್ತಿಕ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ. ಅಂದು ಪಾಳಿಯಲ್ಲಿ ಇದ್ದವರು ಮಾಡಿದರು.

ತುಂಬೆಹೂ:
ಇದ್ದವರು ಎಂದರೆ?

ನೇರನುಡಿ:
ನಾನು ಕೇಳಿ ಪಡೆದದ್ದಲ್ಲ. ಗಂಡಸೇ ಇದ್ದರು, ಅದು ಕಾಕತಾಳೀಯ. ಚರ್ಚೆಯನ್ನು ದಾರಿ ತಪ್ಪಿಸಬೇಡಿ. ಚರಿತ್ರೆಪ್ರಿಯರೇ, ಅದೇ ಗ್ರಂಥದಲ್ಲಿ ಲೆನೆಕ್ ಇನ್ನೊಂದು ಮಾತು ಹೇಳುತ್ತಾನೆ: ರೋಗಿಯ ಎದೆಗೆ ಕಿವಿ ಹಚ್ಚುವುದು ವೈದ್ಯನಿಗೂ ರೋಗಿಗೂ ಅನನುಕೂಲ, ಆಸ್ಪತ್ರೆಗಳಲ್ಲಂತೂ ಅಸಹ್ಯದಿಂದಾಗಿ ಮಾಡುವಂತೆಯೇ ಇಲ್ಲ ಎಂದು. ಅಂದರೆ ಕೊಳಕು. ನಾಚಿಕೆಯ ಸುದ್ದಿ ಎಲ್ಲಿದೆ?

ಚರಿತ್ರೆಪ್ರಿಯ:
ಅದರ ಮುಂದಿನ ವಾಕ್ಯದಲ್ಲಿದೆ. ಹೆಚ್ಚಿನ ಹೆಂಗಸರ ವಿಷಯದಲ್ಲಿ ಆ ವಿಧಾನ ಸೂಕ್ತವೇ ಅಲ್ಲ ಎನ್ನುತ್ತಾನೆ. ನೀವು ಪೂರ್ಣವಿರಾಮ ಬರುವ ಮೊದಲೇ ಪುಸ್ತಕ ಮುಚ್ಚುವುದನ್ನು ಯಾವಾಗ ಬಿಡುತ್ತೀರಿ?

ನೇರನುಡಿ:
ಅದೇ ವಾಕ್ಯದ ಕೊನೆಗೆ ಸ್ತನದ ಗಾತ್ರವೂ ಅಡ್ಡಿ ಎನ್ನುತ್ತಾನೆ. ಗಾತ್ರ! ಮತ್ತೆ ಅಂಗರಚನೆಯೇ ಬಂತು. ಪೂರ್ಣವಿರಾಮದವರೆಗೆ ಓದಿ ಎಂದವರು ನೀವೇ.

ತುಂಬೆಹೂ:
ಇನ್ನೂರು ವರ್ಷದ ಹಿಂದೆ ಹೃದಯದ ತೊಂದರೆಯೆಂದು ಬಂದ ಹುಡುಗಿಯ ಮೈತೂಕದ ಮೇಲೆ ಇಬ್ಬರು ಗಂಡಸರು ಹೊಡೆದಾಡುತ್ತಿದ್ದೀರಿ. ಅವಳ ಹೆಸರೇನು, ಅವಳು ಉಳಿದಳೇ ಎಂದು ಒಬ್ಬರಾದರೂ ಕೇಳಿದಿರಾ? 1849ರಲ್ಲಿ ಅಮೆರಿಕದಲ್ಲಿ ವೈದ್ಯಪದವಿ ಪಡೆದ ಮೊದಲ ಮಹಿಳೆ ಎಲಿಜಬೆತ್ ಬ್ಲ್ಯಾಕ್‌ವೆಲ್ ಈ ದಾರಿಗೆ ಬಂದದ್ದೇಕೆ ಗೊತ್ತೇ? ಸಾಯುತ್ತಿದ್ದ ಗೆಳತಿಯೊಬ್ಬಳು, ವೈದ್ಯೆಯೊಬ್ಬಳಿದ್ದಿದ್ದರೆ ನನ್ನ ಸಂಕಟದ ಕೆಟ್ಟ ಭಾಗವಾದರೂ ತಪ್ಪುತ್ತಿತ್ತು ಎಂದಳಂತೆ. ಆ ಮಾತು ಎಷ್ಟು ಜನರ ಬಾಯಲ್ಲೇ ಉಳಿದುಹೋಗಿದೆಯೋ.

ನೇರನುಡಿ:
‘ಎಂದಳಂತೆ.’ ಅಂತೆಕಂತೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ತುಂಬೆಹೂ:
ಬ್ಲ್ಯಾಕ್‌ವೆಲ್ ಆತ್ಮಕಥೆಯಲ್ಲಿ ತಾನೇ ಬರೆದಿದ್ದಾಳೆ! ನಿಮ್ಮ ಲೆನೆಕ್ ಬರೆದರೆ ಶಾಸ್ತ್ರ, ಹೆಂಗಸು ಬರೆದರೆ ಅಂತೆಕಂತೆಯೇ?

ಚರಿತ್ರೆಪ್ರಿಯ:
ಲೆನೆಕ್ ಅವರದಲ್ಲ, ನನ್ನವನು. ಮೊದಲು ತಂದವನು ನಾನು.

ರಾತ್ರಿಪಾಳಿ:
ನಿದ್ದೆ ಮಾಡಿ ಎದ್ದು ಬಂದರೆ ಇನ್ನೂ ಅದೇ ಕೊಳವೆ. ತುಂಬೆಹೂ ಅವರೇ, ನಿಮಗೆ ಸಿಟ್ಟಿನಲ್ಲಿ ಹೇಳಬೇಕೆಂದಿದ್ದನ್ನು ಅಳಿಸಿದ್ದೇನೆ. ಒಂದು ಮಾತು ಮಾತ್ರ ಉಳಿಸಿಕೊಂಡಿದ್ದೇನೆ. ಬೇಡ ಎಂದವರ ಕೋಣೆಗೆ ನಾನು ಹೋಗಬಾರದು, ಸರಿ. ಆದರೆ ರಾತ್ರಿ ಮೂರಕ್ಕೆ ರಕ್ತಸ್ರಾವವಾಗಿ ಬಂದವರ ಬಳಿ ಇರುವವನು ನಾನೊಬ್ಬನೇ ಆದಾಗ ನನ್ನ ಕೈಗೆ ಅಭ್ಯಾಸ ಇರಲಿ ಎಂದು ನೀವೇ ಹಾರೈಸುತ್ತೀರಿ.

ತುಂಬೆಹೂ:
ರಾತ್ರಿ ಮೂರರ ಮಾತು ಇಲ್ಲಿ ಯಾರೂ ಎತ್ತಿಲ್ಲ. ಹಗಲು ಹನ್ನೊಂದರ ಮಾತಾಡಿ. ಸಿಮ್ಸ್ ಹೋಲಿಕೆ ಸ್ವಲ್ಪ ಹೆಚ್ಚಾಯಿತು, ಅಷ್ಟನ್ನು ಹೇಳುತ್ತೇನೆ.

ಅಂಕಿಅಂಶ:
ಗರ್ಭಕಂಠದ ಕ್ಯಾನ್ಸರ್ ತಪಾಸಣೆಯಲ್ಲಾದರೆ ಈ ಜಗಳಕ್ಕೆ ಒಂದು ದಾರಿ ಸಿಕ್ಕಿದೆ. ಆ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆಯ ಮಾದರಿಯನ್ನು ಹೆಂಗಸರು ತಾವೇ ತೆಗೆದುಕೊಳ್ಳಬಹುದು. ಆಸ್ಟ್ರೇಲಿಯಾದಲ್ಲಿ 2022ರ ಜುಲೈನಿಂದ ತಪಾಸಣೆಗೆ ಅರ್ಹರಾದ ಎಲ್ಲರಿಗೂ ಈ ಆಯ್ಕೆಯಿದೆ. ಕಾಮನಬಿಲ್ಲು ಅವರು ಇದನ್ನೇ ಮಾಡಿಸಿಕೊಳ್ಳಲಿ.

ಹಳೆಯ ದಾದಿ:
ದಯವಿಟ್ಟು ಬೇಡ. ಅದು ಲಕ್ಷಣಗಳಿಲ್ಲದವರಿಗೆ. ಅವರಿಗೆ ಮೂರು ತಿಂಗಳಿಂದ ಸ್ರಾವವಿದೆ, ಅದನ್ನು ಒಬ್ಬರು ನೋಡಲೇಬೇಕು. ಸಂಖ್ಯೆ ಗೊತ್ತಿದ್ದ ಮಾತ್ರಕ್ಕೆ ಚೀಟಿ ಬರೆಯಬೇಡಿ.

ಅಂಕಿಅಂಶ:
ನಾನು ತಪಾಸಣೆಯ ವಿಷಯ ಎಂದು ಮೊದಲ ಸಾಲಿನಲ್ಲೇ ಹೇಳಿದ್ದೆ.

ಕಾಮನಬಿಲ್ಲು:
ದಾದಿಯವರಿಗೆ ವಂದನೆ. ಹಿಮೋಗ್ಲೋಬಿನ್ 8.6 ಬಂದಿದೆ, ಕಡಿಮೆಯಾಯಿತು, ಇನ್ನು ಕಾಯುವುದಿಲ್ಲ. ಮತ್ತೆ ಫೋನ್ ಮಾಡಿದೆ, ಈ ಸಲ ಬೇರೆಯವರು ಎತ್ತಿದರು. ಮಹಿಳಾ ವೈದ್ಯರು ಬರುವುದು ಹದಿನೈದು ದಿನದ ಮೇಲೆ. ಗುರುವಾರ ಇರುವವರು ಗಂಡಸು, ಜೊತೆಗೆ ಹಿರಿಯ ದಾದಿಯೊಬ್ಬರು ನಿಲ್ಲುತ್ತಾರೆ, ಪರವಾಗಿಲ್ಲವೇ ಎಂದು ಅವರೇ ಕೇಳಿದರು. ಆಗಲಿ ಎಂದೆ. ಆಯ್ಕೆ ಏನೂ ಹಿಗ್ಗಲಿಲ್ಲ, ಆದರೆ ಈ ಬಾರಿ ಯಾರೂ ನಗಲಿಲ್ಲ.

ನೇರನುಡಿ:
ಕೊನೆಗೆ ಗಂಡಸೇ. ನಾನು ಮೊದಲ ದಿನವೇ ಹೇಳಿದ್ದೆ.

ತುಂಬೆಹೂ:
ಕೊನೆಯ ವಾಕ್ಯವನ್ನು ಓದಿ. ಓದಲಾರಿರಿ, ಗೊತ್ತು.

ಚರಿತ್ರೆಪ್ರಿಯ:
ನೇರನುಡಿಯವರೇ, ಗ್ರಂಥವನ್ನು ಮತ್ತೆ ತೆಗೆದು ನೋಡಿದೆ. ಮೈತೂಕದ ಮಾತು ಮೊದಲು ಬರುತ್ತದೆ, ನಿಜ. ಆದರೆ ಕಾಗದದ ಸುರುಳಿಗೆ ಹತ್ತಿರ ಇರುವುದು ವಯಸ್ಸು ಮತ್ತು ಲಿಂಗದ ಮಾತು, ಆದ್ದರಿಂದ ನನ್ನ ವಾದವೇ ಗಟ್ಟಿ.

ನೇರನುಡಿ:
‘ಮೊದಲು ಬರುತ್ತದೆ, ನಿಜ.’ ಇಷ್ಟು ಸಾಕು.