ವೈದ್ಯರನ್ನು ಕೇಳಿ: ಕಡಿಮೆ ಖರ್ಚಿನಲ್ಲಿ ಆರೋಗ್ಯ

ಹಿರಿಯೂರಿನ ಸದಸ್ಯೆ: ನಮಸ್ಕಾರ ಡಾಕ್ಟರೇ. ನಮ್ಮದು ದಿನಗೂಲಿಯ ಮನೆ. ಹಾಲು, ಹಣ್ಣು ದಿನವೂ ಕೊಳ್ಳಲಾಗದವರು ಮಕ್ಕಳಿಗೆ ಏನು ಕೊಡಬೇಕು?

ವೈದ್ಯರು: ರಾಗಿ, ಹುರುಳಿ, ಶೇಂಗಾ, ನುಗ್ಗೆಸೊಪ್ಪು, ಸಾಧ್ಯವಾದ ದಿನ ಮೊಟ್ಟೆ ಕೊಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆಗೆ ಹುರುಳಿಯ ಕಟ್ಟನ್ನಷ್ಟೇ ಬಡಿಸದೆ, ಬೆಂದ ಕಾಳನ್ನೂ ತಿನ್ನಿಸಿ. ಪ್ರೋಟೀನ್ ಇರುವುದು ಕಾಳಿನಲ್ಲಿ. ಡಬ್ಬಿಯ ಪುಡಿಗಳಿಗೆ ಹಣ ಹಾಕಬೇಡಿ.

ತಿಪಟೂರಿನ ಸದಸ್ಯ: ಜನೌಷಧಿ ಕೇಂದ್ರದ ಅಗ್ಗದ ಬಿ.ಪಿ. ಮಾತ್ರೆ ಕೆಲಸ ಮಾಡುತ್ತದೆಯೇ?

ವೈದ್ಯರು: ಮಾಡುತ್ತದೆ. ಔಷಧದ ಹೆಸರು, ಮಿಲಿಗ್ರಾಂ ಎರಡೂ ಚೀಟಿಯಲ್ಲಿರುವಂತೆಯೇ ಇರಲಿ.

ಅರಸೀಕೆರೆಯ ಸದಸ್ಯೆ: 13 ವರ್ಷದ ಮಗಳಿಗೆ ಟೈಪ್ 1 ಸಕ್ಕರೆ ಕಾಯಿಲೆಯಿದೆ. ಪೆನ್ನಿನ ಇನ್ಸುಲಿನ್ ಕೊಳ್ಳುವ ಶಕ್ತಿಯಿಲ್ಲದೆ ಆಸ್ಪತ್ರೆಯ ಉಚಿತ ಬಾಟಲಿಗೆ ಬದಲಾಯಿಸಿದೆವು, ಸಿರಿಂಜು ಅಂಗಡಿಯದು. ಮೊದಲಿನಂತೆ 20 ಯುನಿಟ್ ಕೊಟ್ಟರೂ ಸಕ್ಕರೆ 400ಕ್ಕಿಂತ ಕೆಳಗಿಳಿಯುತ್ತಿಲ್ಲ.

ವೈದ್ಯರು: ತಾಯಿ, ಸಿರಿಂಜಿನ ಮುಚ್ಚಳ ಯಾವ ಬಣ್ಣದ್ದೆಂದು ಮೊದಲು ನೋಡಿ. ಪೆನ್ನಿನ ಇನ್ಸುಲಿನ್‌ನ ಒಂದು ಮಿಲಿಲೀಟರಿನಲ್ಲಿ 100 ಯುನಿಟ್ ಇರುತ್ತದೆ. ಆಸ್ಪತ್ರೆಯ ಬಾಟಲಿಯಲ್ಲಿ ಸಾಮಾನ್ಯವಾಗಿ 40. ಅದಕ್ಕೆ ಕೆಂಪು ಮುಚ್ಚಳದ, 40 ಎಂದು ಬರೆದಿರುವ ಸಿರಿಂಜೇ ಬೇಕು. ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ ಈ ಇನ್ಸುಲಿನ್ನನ್ನು 20ರ ಗೆರೆಯವರೆಗೆ ಎಳೆದರೆ, ನೀವು 20 ಎಂದುಕೊಂಡಿದ್ದರೂ ಮಗುವಿನ ಮೈ ಸೇರುವುದು 8 ಯುನಿಟ್ ಮಾತ್ರ. ಆದರೆ ಮನೆಯಲ್ಲೇ ಲೆಕ್ಕ ಹಾಕಿ ಹೆಚ್ಚಿಸಬೇಡಿ. ವಾಂತಿ, ಹೊಟ್ಟೆನೋವು, ಏದುಸಿರು ಇದೆಯೇ? ಕೂಡಲೇ ತಿಳಿಸಿ.

ತುಮಕೂರಿನ ಸದಸ್ಯ: ಬೆಂಡೆಕಾಯಿ ನೆನೆಸಿದ ನೀರನ್ನು 21 ದಿನ ಕುಡಿದರೆ ಇನ್ಸುಲಿನ್ ಬಿಡಬಹುದೆಂಬ ಸಂದೇಶ ಬಂದಿದೆ, ಎಲ್ಲರಿಗೂ ಉಪಯೋಗವಾಗಲಿ.

ವೈದ್ಯರು: ಇದನ್ನು ಈಗಲೇ ಅಳಿಸಿ. ಟೈಪ್ 1 ಇರುವ ಮಗು ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣ ಹೋಗಬಹುದು. ಸಂದೇಶ ಬರೆದವನು ಆಗ ಬಂದು ನಿಲ್ಲುವುದಿಲ್ಲ.

ತುಮಕೂರಿನ ಸದಸ್ಯ: ಒಳ್ಳೆಯದಕ್ಕೆಂದು ಹಾಕಿದೆ. ನಿಜವಾಗಿ ನೋಡಿದರೆ ರಾಗಿಗಿಂತ ನವಣೆಯೇ ಶ್ರೇಷ್ಠ.

ಹಿರಿಯೂರಿನ ಸದಸ್ಯೆ: ನವಣೆಯ ಬೆಲೆಯನ್ನು ಅಂಗಡಿಯಲ್ಲಿ ಕೇಳಿದ್ದೀರಾ ಸ್ವಾಮಿ? ಪಡಿತರದ ಅಕ್ಕಿಯಲ್ಲಿ ತಿಂಗಳು ದೂಡುವವರಿಗೆ ಇದೆಂಥ ಉಪದೇಶ?

ತುಮಕೂರಿನ ಸದಸ್ಯ: ಮೊಬೈಲಿಗೆ ಹಣವಿರುತ್ತದೆ, ಧಾನ್ಯಕ್ಕೆ ಇರುವುದಿಲ್ಲ.

ಹಿರಿಯೂರಿನ ಸದಸ್ಯೆ: ನಮ್ಮ ಮನೆಯ ಲೆಕ್ಕ ನಿಮಗೆ ಬೇಡ.

ಕಡೂರಿನ ಸದಸ್ಯೆ: ಕಬ್ಬಿಣಾಂಶದ ಮಾತ್ರೆಯನ್ನು ಚಹಾ ಕುಡಿದ ಮೇಲೆ ನುಂಗಬಹುದೇ?

ಗುಬ್ಬಿಯ ಸದಸ್ಯ: ಡಾಕ್ಟರೇ, ಜನೌಷಧಿ ಮಾತ್ರೆಗಳನ್ನು ನಂಬಬಹುದೇ?

ವೈದ್ಯರು: ಮೇಲೆ ಉತ್ತರಿಸಿದ್ದೇನೆ. ಅರಸೀಕೆರೆಯವರು ಎಲ್ಲಿ? ಅವರು ಬರೆಯುವವರೆಗೆ ಉಳಿದವರು ದಯವಿಟ್ಟು ಸುಮ್ಮನಿರಿ.

ಅರಸೀಕೆರೆಯ ಸದಸ್ಯೆ: ಮುಚ್ಚಳ ಕಿತ್ತಳೆ ಬಣ್ಣದ್ದೇ, ಬಾಟಲಿಯ ಮೇಲೆ 40 ಎಂದಿದೆ. ಬೆಳಗಿನಿಂದ ಎರಡು ಸಲ ವಾಂತಿಯಾಗಿದೆ.

ವೈದ್ಯರು: 108ಕ್ಕೆ ಕರೆ ಮಾಡಿ, ಈಗಲೇ ಆಸ್ಪತ್ರೆಗೆ ಹೊರಡಿ. ಬಾಟಲಿಯನ್ನೂ ಸಿರಿಂಜನ್ನೂ ಜೊತೆಗೆ ಒಯ್ದು, ಅಲ್ಲಿನ ವೈದ್ಯರ ಕೈಗೇ ಕೊಡಿ.