ಪದಚರ್ಚೆ: ‘ಗಟ್ಟಿ’ಗೆ ಬದಲು ಯಾವ ಪದ? (ಮಾತಿನ ಥೆರಪಿ, ನುಂಗುವ ಥೆರಪಿ)

ಗೆಳೆಯರೇ,

ಮೂರು ತಿಂಗಳ ಹಿಂದೆ ನಮ್ಮ ಮಾವನವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ತೊದಲಾಯಿತು, ನುಂಗುವುದೂ ಕಷ್ಟವಾಯಿತು. ಈಗ ವಾರಕ್ಕೆರಡು ಸಲ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗುತ್ತೇವೆ. “ಮಾತಿನ ಡಾಕ್ಟರು ಊಟದ ವಿಷಯ ಯಾಕೆ ಕೇಳ್ತಾರೆ?” ಅಂತ ಅತ್ತೆಗೆ ಮೊದಲ ದಿನ ಅನುಮಾನ. ಮಾತಾಡುವುದಕ್ಕೂ ನುಂಗುವುದಕ್ಕೂ ಇರುವುದು ಅದೇ ತುಟಿ, ಅದೇ ನಾಲಿಗೆ, ಅದೇ ಗಂಟಲು ಅಲ್ವಾ? ಆದರೆ ಹೆಸರಿನಲ್ಲಿ ನುಂಗುವ ಮಾತೇ ಇಲ್ಲ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಸಂಸ್ಥೆಯ ಹೆಸರೂ ‘ವಾಕ್ ಶ್ರವಣ ಸಂಸ್ಥೆ’ ಎಂದೇ.

ಇರಲಿ, ನನ್ನ ತಕರಾರು ಬೇರೆ. ಅವತ್ತು ಥೆರಪಿಸ್ಟ್ ಒಂದು ಚೀಟಿ ಬರೆದುಕೊಟ್ಟರು. ಅಚ್ಚ ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ. ಅದರ ನಾಲ್ಕು ಸಾಲು ಇವು:

ಗಟ್ಟಿ ಪದಾರ್ಥ ಕೊಡಬೇಡಿ.
ನೀರು, ಕಾಫಿ, ಮಜ್ಜಿಗೆ ಗಟ್ಟಿ ಮಾಡಿ ಕೊಡಿ.
ಪ್ರತಿ ಗುಟುಕನ್ನೂ ಗಟ್ಟಿಯಾಗಿ ನುಂಗಲು ಹೇಳಿ.
ದಿನಾ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ.

ಅತ್ತೆ ಎರಡು ಸಲ ಓದಿ, ಕನ್ನಡಕ ತೆಗೆದು ಕೇಳಿದರು: “ಗಟ್ಟಿ ಕೊಡಬೇಕೋ, ಬೇಡವೋ?”

ನಕ್ಕುಬಿಟ್ಟೆವು. ಆದರೆ ಕೇಳಿದ್ದು ಸರಿಯಾಗಿಯೇ ಇತ್ತು. ಮೊದಲ ಗಟ್ಟಿ ಚಕ್ಕುಲಿಯ ಗಟ್ಟಿ. ಎರಡನೆಯದು ಮೊಸರಿನ ಗಟ್ಟಿ. ಮೂರನೆಯದು ಬಲ. ನಾಲ್ಕನೆಯದು ದನಿ. ದಿನನಿತ್ಯದ ಮಾತಿನಲ್ಲಿ ಇದರಿಂದ ತೊಂದರೆ ಇಲ್ಲ, ಯಾಕೆಂದರೆ ಪಕ್ಕದ ಪದವೇ ಅರ್ಥ ಹೇಳಿಬಿಡುತ್ತದೆ. ಗಟ್ಟಿ ಮೊಸರು ಅಂದರೆ ಹಲ್ಲು ಮುರಿಯುತ್ತದೆ ಅಂತ ಯಾರೂ ಹೆದರುವುದಿಲ್ಲ. ಆದರೆ ‘ಪದಾರ್ಥ’ ಅನ್ನುವುದು ಸುಮ್ನೆ ಖಾಲಿ ಡಬ್ಬಿ, ಏನೂ ಹೇಳುವುದಿಲ್ಲ. ಇನ್ನು ನೀರನ್ನು ಗಟ್ಟಿ ಮಾಡಿ ಕುಡಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಮಂಜುಗಡ್ಡೆ ಇರಬಹುದಾ ಅಂತ ಮಗ ಕೇಳಿದ.

ಇಷ್ಟೆಲ್ಲ ಯಾಕೆ ಮುಖ್ಯ ಅಂದರೆ, ಇಲ್ಲಿ ಮನೆಯವರ ಅಂದಾಜು ಉಲ್ಟಾ ಹೊಡೆಯುತ್ತದೆ. ನುಂಗೋಕೆ ಕಷ್ಟ ಅಂದ ಕೂಡಲೇ ತೆಳ್ಳಗೆ, ನೀರುನೀರಾಗಿ ಮಾಡಿ ಕೊಡುವುದು ನಮ್ಮ ಅಭ್ಯಾಸ. ಆದರೆ ಲಕ್ವ ಆದ ಎಷ್ಟೋ ಜನರಿಗೆ ನೀರೇ ಕಷ್ಟ. ಅದು ಬೇಗ ಜಾರುತ್ತದೆ. ಉಸಿರಿನ ದಾರಿ ಮುಚ್ಚಿಕೊಳ್ಳುವ ಮೊದಲೇ ಗಂಟಲಿಗೆ ಇಳಿದು ಶ್ವಾಸಕೋಶದ ಕಡೆ ಹೋಗಬಹುದು. ಮೊಸರಿನ ಹಾಗೆ ಗಟ್ಟಿ ಮಾಡಿದ್ದು ನಿಧಾನಕ್ಕೆ ಇಳಿಯುವುದರಿಂದ ಗಂಟಲಿಗೆ ಸ್ವಲ್ಪ ಸಮಯ ಸಿಗುತ್ತದೆ. ಯಾರಿಗೆ ಎಷ್ಟು ಅನ್ನುವುದನ್ನು ಥೆರಪಿಸ್ಟ್ ಪರೀಕ್ಷೆ ಮಾಡಿಯೇ ಹೇಳಬೇಕು.

ಮೂರು ಗಟ್ಟಿಗಳಿಗೆ ನಾನೇ ದಾರಿ ಹುಡುಕಿದೆ. ಮೊದಲನೆಯದಕ್ಕೆ ‘ಅಗಿಯಬೇಕಾದ್ದು ಬೇಡ’. ಮೂರನೆಯದಕ್ಕೆ ‘ಬಲ ಹಾಕಿ ನುಂಗಿ’. ನಾಲ್ಕನೆಯದಕ್ಕೆ ‘ಜೋರಾಗಿ ಓದಿ’ ಅಂತ ಬರೆದು ಹೊಡೆದುಹಾಕಿದೆ. ‘ಜೋರಾಗಿ’ ಅಂದರೆ ವೇಗವಾಗಿ ಅಂತಲೂ ಆಗುತ್ತಲ್ಲ! ಮಾವ ಹಾಗೇ ತಿಳಿದು ರೈಲಿನ ಹಾಗೆ ಓಡಿಸಿದರು, ಒಂದಕ್ಷರವೂ ತಿಳಿಯಲಿಲ್ಲ. ಅವರಿಗೆ ಬೇಕಾದ್ದು ನಿಧಾನ. ಹಾಗಾಗಿ ‘ದೊಡ್ಡ ದನಿಯಲ್ಲಿ, ನಿಧಾನವಾಗಿ’ ಅಂತ ಬದಲಿಸಿದೆ.

ಸಿಕ್ಕಿಕೊಂಡಿರುವುದು ಎರಡನೆಯದು, ಮೊಸರಿನ ಗಟ್ಟಿ.

‘ಸಾಂದ್ರ’ ಪಠ್ಯಪುಸ್ತಕದ್ದು. ಅತ್ತೆಗೆ ಅದು ಹಾಲಿನ ಪ್ಯಾಕೆಟ್ಟಿನ ಪದ. ‘ದಪ್ಪ’ ಅಂದರೆ ಚಪಾತಿ ನೆನಪಾಗುತ್ತದೆ. ‘ಮಂದ’ ನನಗೆ ಇಷ್ಟ. ಹಾಸನದ ಕಡೆಯ ನಮ್ಮಜ್ಜಿ “ಹಾಲು ಮಂದವಾಗಿದೆ” ಅನ್ನುತ್ತಿದ್ದರು. ಆದರೆ ಊಟದ ಜೊತೆ ಬಂದಾಗ ಅದು ‘ಹೊಟ್ಟೆ ಮಂದ’ ಆಗಿಬಿಡುತ್ತದೆ. ಕಾಯಿಲೆಯವರಿಗೆ ಮಂದವಾದ್ದನ್ನು ಕೊಡಬಾರದು ಅಂತ ಪಕ್ಕದ ಮನೆಯವರು ಬುದ್ಧಿ ಹೇಳಿದರು.

ಒಂದು ಪದಕ್ಕೆ ಬದಲು ಹದ ಹೇಳಿದರೆ ಹೇಗೆ ಅನ್ನಿಸಿತು. ಈ ವಿಷಯದಲ್ಲಿ ನಮ್ಮ ಅಡುಗೆಮನೆ ಬಡವಲ್ಲ. ಒಂದೆಳೆ ಪಾಕ, ಉಂಡೆ ಪಾಕ, ದೋಸೆ ಹಿಟ್ಟಿನ ಹದ, ಬಜ್ಜಿ ಹಿಟ್ಟಿನ ಹದ. ಥೆರಪಿಸ್ಟರ ಅಳತೆ ಕೂಡ ಹೆಚ್ಚುಕಮ್ಮಿ ಇದೇ ತರಹದ್ದು. ನುಂಗಲು ಕಷ್ಟ ಇರುವವರ ಊಟ, ಪಾನೀಯಗಳ ಹದಕ್ಕೆ ಐಡಿಡಿಎಸ್‌ಐ ಅಂತ ಒಂದು ಅಂತರರಾಷ್ಟ್ರೀಯ ಪಟ್ಟಿ ಇದೆ, 0ಯಿಂದ 7ರವರೆಗೆ. 0 ಅಂದರೆ ಬರೀ ನೀರು, 7 ಅಂದರೆ ಮಾಮೂಲಿ ಊಟ. ಕುಡಿಯುವುದನ್ನು ಸಿರಿಂಜಿನಲ್ಲಿ ಅಳೆಯುತ್ತಾರೆ. 10 ಮಿ.ಲೀ. ತುಂಬಿ, ತುದಿಯಿಂದ ಬೆರಳು ತೆಗೆದು, 10 ಸೆಕೆಂಡ್ ಬಿಟ್ಟು, ಎಷ್ಟು ಉಳಿಯಿತು ನೋಡುವುದು. 1ರಿಂದ 4 ಮಿ.ಲೀ. ಉಳಿದರೆ 1ನೇ ಹದ. 4ರಿಂದ 8 ಉಳಿದರೆ 2ನೆಯದು. 8ಕ್ಕಿಂತ ಜಾಸ್ತಿ ಉಳಿದರೆ 3ನೆಯದು. ಏನೂ ಇಳಿಯದಿದ್ದರೆ 4. ಅದಕ್ಕೂ ಗೊತ್ತಾದ ಉದ್ದದ ಸಿರಿಂಜೇ ಆಗಬೇಕು, ಯಾವುದೋ ಒಂದು ನಡೆಯುವುದಿಲ್ಲ.

ಈ 1, 2, 3, 4ಕ್ಕೆ ಮನೆಯ ಪದಾರ್ಥಗಳ ಹೆಸರಿಡಲು ಹೋಗಿ ನಾನು ಎಡವಿದ್ದು ಗಂಜಿಯಲ್ಲಿ. ನಮ್ಮ ಮೈಸೂರು ಕಡೆ ಗಂಜಿ ಅಂದರೆ ಹಿಟ್ಟು ಕದಡಿ ಕುದಿಸಿದ್ದು, ಗಂಟಿಲ್ಲದ್ದು. ನಾವು ಗಂಜಿ ಕುಡಿಯುತ್ತೇವೆ. ಮಂಗಳೂರಿನ ಗೆಳತಿಯ ಮನೆಯಲ್ಲಿ ಗಂಜಿ ಉಣ್ಣುತ್ತಾರೆ. ಅಲ್ಲಿ ಅದು ಕುಚ್ಚಲಕ್ಕಿ ಅಗುಳು ಮತ್ತು ತಿಳಿನೀರು, ಎರಡೂ ಒಂದೇ ಬಟ್ಟಲಲ್ಲಿ. ಹೀಗೆ ಅಗುಳು ಬೇರೆ, ನೀರು ಬೇರೆ ಇರುವುದನ್ನು ಸಂಭಾಳಿಸುವುದು ಗಂಟಲು ಸೋತವರಿಗೆ ಜಾಸ್ತಿ ಕಷ್ಟ. ‘ಗಂಜಿ ಕೊಡಿ’ ಅನ್ನುವ ಎರಡೇ ಪದ ಘಟ್ಟ ಇಳಿದರೆ ಅಪಾಯದ ಸಲಹೆ ಆಗಬಹುದು. ಅಂದಹಾಗೆ ಆ ಗೆಳತಿಗೆ ‘ಗಟ್ಟಿ’ ಅಂದರೆ ಅರಿಶಿನದ ಎಲೆಯಲ್ಲಿ ಬೇಯಿಸಿದ ತಿಂಡಿ! ಚೀಟಿಯ ಮೊದಲ ಸಾಲನ್ನು ಅವಳು ಹೇಗೆ ಓದುತ್ತಾಳೋ.

ಇನ್ನೊಂದು ಸಣ್ಣ ವಿಷಯ. ಥೆರಪಿ ಕೋಣೆಯ ಹೊರಗೆ ಅಂಗುಳ ಸೀಳಿದ ಎಳೆಮಗುವನ್ನು ಎತ್ತಿಕೊಂಡು ಒಬ್ಬರು ಕೂತಿದ್ದರು. ಹಾಲು ಮೂಗಿನಲ್ಲಿ ಬರುತ್ತಿತ್ತು. ‘ಪಾಲಾಡೈ’ಯಲ್ಲಿ ಕುಡಿಸಿ ಅಂದರಂತೆ. ಎಳೆಮಕ್ಕಳಿಗೆ ಹಾಲು ಕುಡಿಸುವ, ಮೂತಿ ಇರುವ ಪುಟ್ಟ ಬಟ್ಟಲು ಅದು. ತಮಿಳು ಪದ, ತಾಯಿಗೆ ತಿಳಿಯಲಿಲ್ಲ. ಅದನ್ನು ತೋರಿಸಿದ ಮೇಲೆ ಜೊತೆಗಿದ್ದ ಅಜ್ಜಿ, “ಒಳಲೆ ಅಲ್ವಾ ಇದು!” ಅಂದರು. ಇದ್ದ ಪದ ಮೂಲೆ ಸೇರಿದೆ ನೋಡಿ.

ಕೊನೆಗೆ ‘ನೆತ್ತಿಗೆ ಹತ್ತುವುದು’. ನೀರು ದಾರಿ ತಪ್ಪಿ ಕೆಮ್ಮು ಬಂದರೆ ನಾವು ಹೇಳುವುದು ಇದನ್ನೇ. ತೆಲುಗಿನವರಿಗೆ ಪೊಲಮಾರು, ತಮಿಳಿನವರಿಗೆ ಪುರೈ ಏರು. ಮೂವರೂ ‘ಯಾರೋ ನೆನೆಸಿಕೊಳ್ತಿದ್ದಾರೆ’ ಅನ್ನುತ್ತಾರೆ. “ನೆತ್ತಿಗೆ ಹತ್ತುತ್ತಾ?” ಅಂತ ಕೇಳಿದರೆ ಎಲ್ಲರಿಗೂ ಥಟ್ಟನೆ ತಿಳಿಯುತ್ತದೆ, ಹಾಗಾಗಿ ಅದನ್ನು ಬಿಡಬೇಡಿ ಅನ್ನುವವನು ನಾನು. ಆದರೆ ಕೆಲವರಿಗೆ ನೀರು ಉಸಿರಿನ ಕೊಳವೆಗೆ ಹೋದರೂ ಕೆಮ್ಮೇ ಬರುವುದಿಲ್ಲ. ಮಾವನಿಗೆ ಆಗುತ್ತಿದ್ದದ್ದು ಅದೇ. ಕೆಮ್ಮಿಲ್ಲದ್ದನ್ನು ನೆತ್ತಿಗೆ ಹತ್ತಿತು ಅನ್ನಲು ಬಾಯಿ ಬರುವುದಿಲ್ಲ. ‘ಕಳ್ಳದಾರಿ ಹಿಡಿಯಿತು’ ಅಂತ ನಾನು ಬರೆದಿದ್ದೇನೆ, ಮನೆಯಲ್ಲಿ ಯಾರೂ ಒಪ್ಪಿಲ್ಲ.

ಥೆರಪಿಸ್ಟ್ ಹೊಸ ಚೀಟಿ ಅಚ್ಚು ಹಾಕಿಸಲು ಒಪ್ಪಿದ್ದಾರೆ. ಅದಕ್ಕೇ ಕೇಳುತ್ತಿದ್ದೇನೆ. ಜೋಳದ ಅಂಬಲಿಯ ಸೀಮೆಯವರು ಸೌಟಿನಿಂದ ನಿಧಾನಕ್ಕೆ ಜಾರುವ ಅಂಬಲಿಗೆ ಏನನ್ನುತ್ತೀರಿ? ಕರಾವಳಿಯವರು, ಮಲೆನಾಡಿನವರು? ‘ಗಟ್ಟಿ’ ಅನ್ನುವುದನ್ನು ಬಿಟ್ಟು ಹೇಳಿ.